ಕಳ್ಳನಿಗೂ ಫಿಟ್ಟರ್‌ಗೂ ನಡುವೆ ಒಂದು ಬೋಲ್ಟ್

ಮಳೆನೀರು ಹರಿಯುವ ಚರಂಡಿಯ ಮೇಲಿದ್ದ ಕಬ್ಬಿಣದ ಜಾಲರಿ ರಾತ್ರೋರಾತ್ರಿ ಮಾಯವಾಗಿತ್ತು. ಬೋಲ್ಟ್‌ಗಳು ಮಾತ್ರ ಅಲ್ಲೇ ಇದ್ದವು. ಎಂಟು ಬೋಲ್ಟ್, ಎಂಟು ವಾಷರ್, ಚರಂಡಿಯ ಅಂಚಿನ ಮೇಲೆ ಒಂದರ ಪಕ್ಕ ಒಂದು, ಎಣಿಸಿ ಒಪ್ಪಿಸಿದಂತೆ. ಬಿಚ್ಚಿದವರಿಗೆ ಅವಸರವೇನೂ ಇರಲಿಲ್ಲ ಎನ್ನುವುದು ಅದರಿಂದಲೇ ತಿಳಿಯುತ್ತಿತ್ತು. ಎಂ8 ಅಳತೆಯ ಮಾಮೂಲಿ ಬೋಲ್ಟ್‌ಗಳವು, ಆರು ಮೂಲೆಯ ತಲೆ, 13 ಮಿ.ಮೀ. ಸ್ಪ್ಯಾನರ್. ರಿಪೇರಿ ಕೆಲಸದವರ ಯಾವ ಚೀಲಕ್ಕೆ ಕೈಹಾಕಿದರೂ ಸಿಗುವ ಸ್ಪ್ಯಾನರ್ ಅದು. ನಾವೇ ಬಾಗಿಲು ತೆರೆದಿಟ್ಟು, ಹೊಸ್ತಿಲ ಮೇಲೆ ಕೀಲಿಯನ್ನೂ ಇಟ್ಟಂತಿತ್ತು.

ದೊಡ್ಡ ಆವರಣವೊಂದರ ನಿರ್ವಹಣೆ ನನ್ನ ಕೆಲಸ. ಕಟ್ಟಡಗಳು, ದೀಪದ ಕಂಬಗಳು, ಮರದ ಬೆಂಚುಗಳು, ಸೂಚನಾ ಫಲಕಗಳು, ಚಾವಣಿಯ ಮೇಲಿನ ಸೌರ ಫಲಕಗಳು, ಶೌಚಾಲಯಗಳು, ಹೀಗೆ ಏನೇನೋ. ಇವೆಲ್ಲವನ್ನೂ ಹಿಡಿದು ನಿಲ್ಲಿಸಿರುವುದು ಸ್ಕ್ರೂ ಮತ್ತು ಬೋಲ್ಟ್‌ಗಳು ಎಂಬುದನ್ನು ಆ ಬೆಳಗಿನವರೆಗೆ ನಾನು ತಲೆಗೆ ಹಚ್ಚಿಕೊಂಡಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಅದೇ ವಾರ ಎರಡು ಕೆಲಸ ಮಾಡಿಸಿದೆ. ಹೊಸ ಜಾಲರಿಯನ್ನು ನಾಲ್ಕೂ ಮೂಲೆಯಲ್ಲಿ ವೆಲ್ಡ್ ಮಾಡಿಸಿದೆ. ಕೈಗೆ ಎಟಕುವ ಇಪ್ಪತ್ತೆರಡು ಮುಚ್ಚಳಗಳಿಗೆ, ಅಂದರೆ ದೀಪದ ಕಂಬದ ಬುಡದ ಪೆಟ್ಟಿಗೆ, ಗೋಡೆಯ ಜಂಕ್ಷನ್ ಬಾಕ್ಸ್ ಇಂಥವಕ್ಕೆ, ಒನ್‌ವೇ ಸ್ಕ್ರೂ ಹಾಕಿಸಿದೆ.

ಒನ್‌ವೇ ಸ್ಕ್ರೂ ನೋಡಲು ಮುದ್ದಾದ ವಸ್ತು. ತಲೆಯ ಮೇಲೆ ಹಳೆಯ ಕಾಲದ ಸ್ಕ್ರೂವಿನಂತೆ ಒಂದೇ ಸೀಳು. ಆದರೆ ಸೀಳಿನ ಗೋಡೆಗಳನ್ನು ಬಿಚ್ಚುವ ದಿಕ್ಕಿಗೆ ಇಳಿಜಾರಾಗಿ ತೆಗೆದಿರುತ್ತಾರೆ. ಬಿಗಿಯುವಾಗ ಚಪ್ಪಟೆ ಸ್ಕ್ರೂಡ್ರೈವರ್ ನೇರ ಗೋಡೆಗೆ ಒತ್ತಿಕೊಂಡು ಹಿಡಿಯುತ್ತದೆ, ಬಿಚ್ಚಲು ತಿರುಗಿಸಿದರೆ ಇಳಿಜಾರನ್ನು ಹತ್ತಿ ಹೊರಗೆ ಜಾರುತ್ತದೆ. ಹಾಕಲು ವಿಶೇಷ ಸಾಧನ ಬೇಡ, ತೆಗೆಯಲು ಮಾಮೂಲಿ ಸ್ಕ್ರೂಡ್ರೈವರ್ ನಡೆಯದು. ಇದಕ್ಕಿಂತ ಸುಲಭದ ಉಪಾಯ ಇನ್ನೇನಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ನಮ್ಮ ಹಿರಿಯ ಫಿಟ್ಟರ್ ಮಾತ್ರ ಒಂದು ಸ್ಕ್ರೂವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, "ಮೇಡಂ, ಇದನ್ನು ಮುಂದೆ ಬಿಚ್ಚುವವರು ಯಾರು?" ಎಂದು ಕೇಳಿದರು. "ಯಾರೂ ಬಿಚ್ಚಬಾರದು ಎಂದೇ ಹಾಕಿಸುತ್ತಿರುವುದು" ಎಂದೆ. ಅವರು ಮರುಮಾತಾಡದೆ ಕೆಲಸಕ್ಕೆ ಹೊರಟರು. ಅವರು ಸುಮ್ಮನಾದರೆ ಅದಕ್ಕೆ ಅರ್ಥವಿರುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಉತ್ತರ ಮಳೆಗಾಲದಲ್ಲಿ ಸಿಕ್ಕಿತು. ಒಂದು ಸಂಜೆ ನಡುದಾರಿಯ ಮೂರು ದೀಪಗಳು ಒಟ್ಟಿಗೆ ಆರಿಹೋದವು. ಕಂಬದ ಬುಡದ ಪೆಟ್ಟಿಗೆ ತೆರೆಯಬೇಕು, ತೆರೆಯಲು ಬರುವುದಿಲ್ಲ. ಫಿಟ್ಟರ್ ಡ್ರಿಲ್ ತಂದು ತಲೆ ಕೊರೆಯಲು ಕುಳಿತರು, ಜೊತೆಯಲ್ಲಿ ಕೊಡೆ ಹಿಡಿದು ನಾನು. ಸ್ಟೇನ್‌ಲೆಸ್ ಸ್ಟೀಲ್ ಕೊರೆಯುವುದಕ್ಕೆ ಒಂದು ಪದ್ಧತಿಯಿದೆ. ಡ್ರಿಲ್ ನಿಧಾನ ತಿರುಗಬೇಕು, ಒತ್ತಡ ಜೋರಾಗಿರಬೇಕು, ಎಣ್ಣೆ ಬಿಡುತ್ತಿರಬೇಕು. ಅವಸರಕ್ಕೆ ಬಿದ್ದು ವೇಗ ಹೆಚ್ಚಿಸಿ ಹಗುರವಾಗಿ ಉಜ್ಜಿದರೆ ಲೋಹದ ಮೇಲ್ಮೈ ಇನ್ನಷ್ಟು ಗಟ್ಟಿಯಾಗುತ್ತದೆ, ಆಮೇಲೆ ಬಿಟ್ ಅದರ ಮೇಲೆ ಬರೀ ಕಿರುಚುತ್ತದೆ. ನಾನು "ಬೇಗ, ಬೇಗ" ಎನ್ನುತ್ತಿದ್ದೆ, ಬಿಟ್ ಕಿರುಚುತ್ತಿತ್ತು. ಎರಡನೆಯ ಸ್ಕ್ರೂ ಮುಗಿಯುವ ಹೊತ್ತಿಗೆ ಮುಚ್ಚಳದ ಮೂಲೆ ಸೀಳಿತ್ತು. ಮೂರನೆಯದಕ್ಕೆ ಅವರು ಡ್ರಿಲ್ ಕೆಳಗಿಟ್ಟು, ಒಂದು ಪಂಚ್, ಅಂದರೆ ಸುತ್ತಿಗೆಯಿಂದ ಹೊಡೆಯುವ ಉಕ್ಕಿನ ಗಟ್ಟಿ ಕಡ್ಡಿ, ತೆಗೆದು ಸ್ಕ್ರೂ ತಲೆಯ ಅಂಚಿಗೆ ಓರೆಯಾಗಿ ಇಟ್ಟು, ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರು. ತಲೆ ಮೆಲ್ಲಗೆ ಎಡಕ್ಕೆ ಹೊರಳಿತು. ಇನ್ನೂ ಕೆಲವು ಏಟಿಗೆ ಬೆರಳಲ್ಲೇ ಬಿಚ್ಚಿ ಬಂತು.

ಯಾರಿಗೂ ಬಿಚ್ಚಲಾಗದ ಸ್ಕ್ರೂ ಪಂಚ್ ಇದ್ದವರಿಗೆ ಬಿಚ್ಚಿತು! ಪಂಚ್ ಇರುವುದು ಕಳ್ಳನ ಬಳಿಯೂ ಹೌದು. ತೊಂದರೆಪಟ್ಟವರು ಮಾತ್ರ ನಾವು.

ಅದೇ ಮಳೆಗಾಲ ಜಾಲರಿಯ ಲೆಕ್ಕವನ್ನೂ ಚುಕ್ತಾ ಮಾಡಿತು. ಎಲೆ, ಮಣ್ಣು ತುಂಬಿ ಚರಂಡಿ ಕಟ್ಟಿಕೊಂಡಿತು. ವೆಲ್ಡ್ ಮಾಡಿದ ಜಾಲರಿ ಎತ್ತಲು ಬರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ವಿದ್ಯುತ್ ಗ್ರೈಂಡರ್ ಹಚ್ಚುವ ಧೈರ್ಯ ಯಾರಿಗಿದೆ? ನೀರು ಇಳಿಯಲಿ ಎಂದು ಎರಡು ದಿನ ಕಾದೆವು. ನೀರು ಇಳಿಯದಿರುವುದಕ್ಕೆ ಕಾರಣವೇ ಆ ಜಾಲರಿಯ ಕೆಳಗಿತ್ತು.

ಆಮೇಲೆ ಕಾಗದ ಹಿಡಿದು ಕುಳಿತೆ. ಮೊದಲು ಮಾಡಬೇಕಿದ್ದ ಕೆಲಸ. ಆವರಣವನ್ನೆಲ್ಲ ಸುತ್ತಿ, ಸ್ಕ್ರೂ ಇದ್ದ ಪ್ರತಿಯೊಂದು ಜಾಗವನ್ನೂ ಬರೆದುಕೊಂಡೆ. ಎದುರಿಗೆ ಕಳ್ಳನ ಹೆಸರಿಗೆ ಒಂದು ಖಾನೆ, ನಮ್ಮ ಹೆಸರಿಗೆ ಒಂದು ಖಾನೆ. ಕಳ್ಳನ ಖಾನೆಯಲ್ಲಿ ಬರೆದದ್ದು: ಇಲ್ಲಿ ಯಾರಿಗೆ ಏನು ಬೇಕು, ಎಷ್ಟು ಹೊತ್ತು ಒಬ್ಬರೇ ಇರಬಲ್ಲರು. ನಮ್ಮ ಖಾನೆಯಲ್ಲಿ: ಇದನ್ನು ನಾವು ವರ್ಷಕ್ಕೆ ಎಷ್ಟು ಸಲ ಬಿಚ್ಚಬೇಕು, ಯಾವ ಹೊತ್ತಿನಲ್ಲಿ, ಬಿಚ್ಚುವವರ ಕೈಯಲ್ಲಿ ಏನಿರುತ್ತದೆ. ಬರೆಯುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಕಳ್ಳನ ಖಾನೆ ಬಹುಪಾಲು ಖಾಲಿ. ದೀಪದ ಕಂಬದ ಪೆಟ್ಟಿಗೆಯಲ್ಲಿ ಕದಿಯುವಂಥದ್ದು ಏನೂ ಇಲ್ಲ. ಅಲ್ಲಿ ನಮಗಿದ್ದ ಭಯ ಕುತೂಹಲದ ಮಕ್ಕಳದ್ದು, ನಾಣ್ಯವನ್ನು ಸೀಳಿಗೆ ತೂರಿಸಿ ತಿರುಗಿಸುವ ಬೆರಳುಗಳದ್ದು. ಅದಕ್ಕೆ ಕಳ್ಳನನ್ನು ತಡೆಯುವ ಸ್ಕ್ರೂ ಏಕೆ? ಶೌಚಾಲಯದ ತಡಿಕೆಗಳದ್ದು ಇನ್ನೊಂದು ತಮಾಷೆ. ಆವರಣದಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದೆ, ಬೇಕಾದಷ್ಟು ಹೊತ್ತು ಸ್ಕ್ರೂಗಳ ಎದುರು ಕುಳಿತಿರಬಹುದಾದ ಏಕೈಕ ಜಾಗ ಅದು. ಕೈ ಸುಮ್ಮನಿರುವುದಿಲ್ಲ.

ಮುಂದಿನ ಹೆಜ್ಜೆಯ ಯೋಚನೆ ಫಿಟ್ಟರ್ ಅವರದು. "ಪುಸ್ತಕದಲ್ಲಿ ಓದಿ ಆರಿಸುವುದು ಬೇಡ. ಒಂದೊಂದು ತರಿಸಿ, ಬಿಗಿದು, ನಾವೇ ಬಿಚ್ಚಿ ನೋಡೋಣ" ಎಂದರು. ದಪ್ಪನೆಯ ಉಕ್ಕಿನ ಪಟ್ಟಿಯೊಂದನ್ನು ಕೆಲಸದ ಮೇಜಿಗೆ ಅಡ್ಡಲಾಗಿ ನಿಲ್ಲಿಸಿ ತೂತುಗಳನ್ನು ಕೊರೆದೆವು. ನಮೂನೆಗೆ ತರಿಸಿದ್ದನ್ನೆಲ್ಲ ಅದಕ್ಕೆ ಸಾಲಾಗಿ ಬಿಗಿದೆವು. ತಲೆಯ ಆರು ಮೂಲೆಯ ಗುಳಿಯ ಮಧ್ಯದಲ್ಲಿ ಸಣ್ಣ ಗೂಟವಿರುವ ಅಲೆನ್ ಸ್ಕ್ರೂ, ಅದೇ ರೀತಿ ಗೂಟವಿರುವ ಟಾರ್ಕ್ಸ್ ಸ್ಕ್ರೂ, ಎರಡು ತೂತಿನ ಸ್ಕ್ರೂ, ಮೂರು ಗಾಡಿಯ (ಗಾಡಿ ಎಂದರೆ ಕೊರೆದ ತೋಡು) ಶಂಕುವಿನಾಕಾರದ ನಟ್, ಬಿಗಿದಾಗ ಮುರಿದುಬೀಳುವ ಷಿಯರ್ ನಟ್, ಐದು ಮೂಲೆಯ ತಲೆಯ ಬೋಲ್ಟ್, ತನ್ನದೇ ಕೀಲಿಯಿರುವ ಒಂದು ಬೋಲ್ಟ್. ಪರೀಕ್ಷಕರು ಮೂವರು: ಫಿಟ್ಟರ್, ಎಲೆಕ್ಟ್ರಿಷಿಯನ್, ತರಬೇತಿಗೆ ಬಂದಿದ್ದ ಒಬ್ಬ ಹುಡುಗ. ನಿಯಮ ಒಂದೇ. ಹೆಗಲಿನ ಚೀಲದಲ್ಲಿ ಹಿಡಿಯುವ ಸಾಧನ ಮಾತ್ರ, ವಿದ್ಯುತ್ ಉಪಕರಣ ಕೂಡದು. ಗ್ರೈಂಡರ್ ಕೈಗೆ ಕೊಟ್ಟ ಮೇಲೆ ಯಾವ ಬೋಲ್ಟೂ ಬೋಲ್ಟಲ್ಲ.

ಗೂಟದ ಅಲೆನ್ ಮೊದಲು ಉರುಳಿತು. ಸಾಮಾನ್ಯ ಅಲೆನ್ ಕೀ ಒಳಗೆ ಇಳಿಯದಂತೆ ಆ ಗೂಟ ತಡೆಯುತ್ತದೆ, ಬಿಚ್ಚಲು ತುದಿಯಲ್ಲಿ ತೂತಿರುವ ಕೀ ಬೇಕು. ಹುಡುಗ ಆ ಕೀಯನ್ನು ಹುಡುಕಲೂ ಹೋಗಲಿಲ್ಲ. ಸಣ್ಣ ಪಂಚ್ ಇಟ್ಟು ಒಂದೆರಡು ಏಟು ಹಾಕಿ ಗೂಟವನ್ನೇ ಮುರಿದ, ಮಾಮೂಲಿ ಕೀ ತೂರಿಸಿ ಬಿಚ್ಚಿದ. ನೀವು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ಎಂಬಂತೆ ನಮ್ಮತ್ತ ನೋಡಿ ನಕ್ಕ.

ಗೂಟದ ಟಾರ್ಕ್ಸ್‌ನ ಕಥೆ ಸ್ವಲ್ಪ ದೊಡ್ಡದು. ಟಾರ್ಕ್ಸ್ ಎನ್ನುವ ಆರು ಎಸಳಿನ ಗುಳಿಯನ್ನು 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ಟೆಕ್ಸ್‌ಟ್ರಾನ್ ಕಂಪನಿ ರೂಪಿಸಿದ್ದು ಕಳ್ಳತನ ತಡೆಯಲಿಕ್ಕಲ್ಲ, ಬಿಗಿಯುವಾಗ ಬಿಟ್ ಜಾರದಿರಲಿ ಎಂದು. ಗೂಟ ಸೇರಿದ್ದು ಅದಕ್ಕೊಂದು ರಕ್ಷಣೆಯ ರೂಪ ಕೊಡಲು. ಇಂದು ಮೊಬೈಲ್ ರಿಪೇರಿಯ ಅಗ್ಗದ ಬಿಟ್ ಪೆಟ್ಟಿಗೆಯಲ್ಲೂ ತುದಿಗೆ ತೂತಿರುವ ಟಾರ್ಕ್ಸ್ ಬಿಟ್‌ಗಳು ಇರುತ್ತವೆ. ಹಾಗಾದರೆ ಇದು ನಿಷ್ಪ್ರಯೋಜಕವೇ? ನನಗೂ ಹಾಗೆನ್ನಿಸಿತ್ತು. ಎಲೆಕ್ಟ್ರಿಷಿಯನ್ ತಿದ್ದಿದರು: "ಮೇಡಂ, ರಾತ್ರಿ ಹತ್ತು ಗಂಟೆಗೆ ಕರೆ ಬಂದರೆ ನನ್ನ ಜೇಬಿನಲ್ಲಿ ಇದರ ಬಿಟ್ ಇರುತ್ತದೆ. ಮಕ್ಕಳ ಜೇಬಿನಲ್ಲಿ ಇರುವುದಿಲ್ಲ." ನನ್ನ ಪಟ್ಟಿಯ ಅರ್ಧ ಸಾಲುಗಳು ಆ ಎರಡು ವಾಕ್ಯಗಳಿಗೇ ತೀರ್ಮಾನವಾದವು.

ಆದರೆ ಅದೇ ಸ್ಕ್ರೂವನ್ನು ಫಿಟ್ಟರ್ ಬಿಟ್ ಇಲ್ಲದೆಯೂ ಬಿಚ್ಚಿ ತೋರಿಸಿದರು. ನಾವು ತರಿಸಿದ್ದು ಗುಂಡಿಯಂತೆ ಉಬ್ಬಿದ ತಲೆಯದು. ಹಲ್ಲುಗಳಿರುವ ಲಾಕಿಂಗ್ ಇಕ್ಕಳವನ್ನು ತಲೆಯ ಸುತ್ತ ಕಚ್ಚಿಸಿ ತಿರುಗಿಸಿದರು, ಬಂತು. ಅದೇ ಗುಳಿ, ಆದರೆ ಪಟ್ಟಿಯ ಮಟ್ಟಕ್ಕೆ ಒಳಗೆ ಕೂರುವ ಚಪ್ಪಟೆ ತಲೆಯದನ್ನು ಹಾಕಿ ಕೊಟ್ಟೆ. ಇಕ್ಕಳಕ್ಕೆ ಹಿಡಿಯಲು ಏನೂ ಸಿಗಲಿಲ್ಲ. ಅಲ್ಲಿಯವರೆಗೆ ನಾನು ಸ್ಕ್ರೂವಿನ ಗುಳಿಯ ಆಕಾರವನ್ನಷ್ಟೇ ನೋಡುತ್ತಿದ್ದೆ, ತಲೆ ಹೊರಗಿದೆಯೋ ಒಳಗಿದೆಯೋ ಎಂಬುದನ್ನು ನೋಡಿರಲಿಲ್ಲ. ಗುಳಿಯ ಹೆಸರು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿರುತ್ತದೆ, ತಲೆಯ ವಿಷಯ ಎಲ್ಲೋ ಮೂಲೆಯಲ್ಲಿ.

ಎರಡು ತೂತಿನದನ್ನು ಬಾಗಿದ ಮೂಗಿನ ಇಕ್ಕಳದ ಎರಡು ತುದಿಗಳೇ ಬಿಚ್ಚಿದವು. ಅದರ ಬಗ್ಗೆ ಇಷ್ಟು ಸಾಕು. ಮೂರು ಗಾಡಿಯ ನಟ್ ಜಗ್ಗಲಿಲ್ಲ. ಅದು ಶಂಕುವಿನಂತೆ ಮೇಲಕ್ಕೆ ಕಿರಿದಾಗುವುದರಿಂದ ಇಕ್ಕಳ, ಪೈಪ್ ರೆಂಚ್ ಯಾವುದಿಟ್ಟರೂ ಮೇಲಕ್ಕೆ ಜಾರುತ್ತದೆ. ಮೂರು ಗಾಡಿಗೆ ಕೂರುವ ಸಾಕೆಟ್ ಇದ್ದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ಉಳಿಯಿಂದ ಗಾಡಿಗೆ ಹೊಡೆದು ತಿರುಗಿಸಲು ಫಿಟ್ಟರ್ ಬಹಳ ಹೊತ್ತು ಹೆಣಗಿದರು, ಸದ್ದು ಕೇಳಿ ಪಕ್ಕದ ಕೋಣೆಯವರು ಎದ್ದು ಬಂದರು. ಸದ್ದನ್ನೂ ನಾನು ಪಟ್ಟಿಗೆ ಸೇರಿಸಿಕೊಂಡದ್ದು ಆಗಲೇ. ಕಳ್ಳನಿಗೆ ಶಕ್ತಿ ಇರುತ್ತದೆ, ಸದ್ದು ಮಾಡುವ ಸ್ವಾತಂತ್ರ್ಯ ಇರುವುದಿಲ್ಲ.

ಇನ್ನು ಷಿಯರ್ ನಟ್. ನನ್ನ ಎಲ್ಲ ನಿರೀಕ್ಷೆ ಇದರ ಮೇಲಿತ್ತು. ಕೆಳಗೆ ನುಣುಪಾದ ಶಂಕು, ಅದರ ಮೇಲೆ ಸಣ್ಣ ಕತ್ತು, ಕತ್ತಿನ ಮೇಲೆ ಆರು ಮೂಲೆಯ ತಲೆ. ಸ್ಪ್ಯಾನರ್‌ನಿಂದ ಬಿಗಿಯುತ್ತಾ ಹೋದರೆ ನಿಗದಿಯಾದ ಬಿಗಿತಕ್ಕೆ ಕತ್ತು ಟಪ್ಪೆಂದು ಮುರಿದು ಆರು ಮೂಲೆ ಕೈಗೆ ಬರುತ್ತದೆ, ಶಂಕು ಮಾತ್ರ ಉಳಿಯುತ್ತದೆ. ಹಿಡಿಯಲು ಮೂಲೆಯಿಲ್ಲ, ತೂರಿಸಲು ಗುಳಿಯಿಲ್ಲ. ಹುಡುಗ ಅದರ ಎದುರು ಸ್ವಲ್ಪ ಹೊತ್ತು ನಿಂತ. ಮುಟ್ಟಲೂ ಇಲ್ಲ. ಪಟ್ಟಿಯ ಹಿಂಬದಿಗೆ ಹೋಗಿ, ಆ ಕಡೆಯಿದ್ದ ಬೋಲ್ಟ್ ತಲೆಗೆ 13ರ ಸ್ಪ್ಯಾನರ್ ಹಾಕಿ, ಈ ಕಡೆಯ ಶಂಕುವನ್ನು ಇಕ್ಕಳದಿಂದ ಸ್ವಲ್ಪ ಅದುಮಿ ಹಿಡಿದು ತಿರುಗಿಸಿದ. ಬೋಲ್ಟ್ ಸದ್ದಿಲ್ಲದೆ ಹಿಂದಕ್ಕೆ ಕಳಚಿ ಬಂತು.

ಮುಂಬಾಗಿಲಿಗೆ ಅಷ್ಟು ಭಾರಿ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ನಾವು ಮುಚ್ಚಿರಲೇ ಇಲ್ಲ. ಮೂವರೂ ನಕ್ಕರು, ನಾನೂ ನಕ್ಕೆ, ಆದರೆ ಮೂರು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಆ ಹಿಂಬದಿಯ ತಲೆ. ಷಿಯರ್ ನಟ್ ಹಾಕಿದರೆ ಆಚೆ ಬದಿಗೆ ಕ್ಯಾರೇಜ್ ಬೋಲ್ಟ್ ಬೇಕು. ಅದರ ತಲೆ ನುಣುಪಾದ ಗುಮ್ಮಟ, ತಲೆಯ ಕೆಳಗೆ ಚೌಕದ ಕತ್ತು. ಚೌಕ ಕತ್ತು ಮರದಲ್ಲಿ ತಾನೇ ಕಚ್ಚಿಕೊಳ್ಳುತ್ತದೆ, ಉಕ್ಕಿನ ತಗಡಿಗೆ ಮಾತ್ರ ಚೌಕ ತೂತನ್ನೇ ಮಾಡಬೇಕು. ದುಂಡು ತೂತಿಗೆ ಹಾಕಿದರೆ ಬಿಗಿಯುವಾಗ ಬೋಲ್ಟೂ ಜೊತೆಗೆ ತಿರುಗುತ್ತದೆ. ಇದನ್ನು ಕೇಳಿ ತಿಳಿದದ್ದಲ್ಲ, ನಾಲ್ಕು ಬೋಲ್ಟ್ ಹಾಳುಮಾಡಿ ತಿಳಿದದ್ದು.

ಷಿಯರ್ ನಟ್ ಇನ್ನೊಂದು ಸಲ ನಮ್ಮನ್ನು ಮೋಸಗೊಳಿಸಿತು. ಎರಡನೆಯ ಸುತ್ತಿಗೆ ಸ್ಟೇನ್‌ಲೆಸ್ ಬೋಲ್ಟ್‌ಗೆ ಸ್ಟೇನ್‌ಲೆಸ್ ಷಿಯರ್ ನಟ್ ಹಾಕಿ, ಕೆಲಸ ಬೇಗ ಆಗಲೆಂದು ಏಟು ಕೊಡುತ್ತಾ ವೇಗವಾಗಿ ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಹಿಡಿದೆವು. ತಲೆ ಟಪ್ಪೆಂದು ಮುರಿಯಿತು. ಸಮಾಧಾನವಾಯಿತು. ಪಟ್ಟಿಯನ್ನು ಅಲುಗಾಡಿಸಿದರೆ ಲಟಲಟ ಎನ್ನುತ್ತಿದೆ! ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಉಜ್ಜಿದಾಗ ಥ್ರೆಡ್‌ಗಳು ಒಂದಕ್ಕೊಂದು ಅಂಟಿಕೊಂಡು ಕಚ್ಚಿಹಿಡಿಯುತ್ತವೆ, ವೇಗವಾಗಿ ತಿರುಗಿಸಿ ಬಿಸಿಯಾದಷ್ಟೂ ಬೇಗ. ನಟ್ ಇನ್ನೂ ಪಟ್ಟಿಯನ್ನು ಒತ್ತುವ ಮೊದಲೇ ದಾರಿಯಲ್ಲೇ ಕಚ್ಚಿಕೊಂಡಿತ್ತು. ಕತ್ತಿಗೆ ಏನು ಗೊತ್ತು, ಅದು ಬಿಗಿತವೆಂದು ತಿಳಿದು ಮುರಿಯಿತು. ಈಗ ಬಿಗಿಯಲೂ ಆಗದು, ಬಿಚ್ಚಲೂ ಆಗದು. ಅತ್ತ ದರಿ ಇತ್ತ ಪುಲಿ. ಅಂದಿನಿಂದ ಥ್ರೆಡ್‌ಗೆ ಕಚ್ಚುವಿಕೆ ತಡೆಯುವ ಗ್ರೀಸ್ ಸವರಿ, ಕೈ ಸ್ಪ್ಯಾನರ್‌ನಲ್ಲಿ ನಿಧಾನ ಬಿಗಿಯುತ್ತೇವೆ. ಗ್ರೀಸ್ ಹಚ್ಚಿದಾಗ ಘರ್ಷಣೆ ಕಡಿಮೆಯಾಗಿ, ಅದೇ ಕತ್ತು ಮುರಿಯುವ ಹೊತ್ತಿಗೆ ಬೋಲ್ಟ್ ಮೊದಲಿಗಿಂತ ಹೆಚ್ಚು ಎಳೆದಿರುತ್ತದೆ ಎಂಬುದೂ ನೆನಪಿರಬೇಕು. ತೆಳು ತಗಡಾದರೆ ಅಗಲವಾದ ವಾಷರ್ ಬೇಕೇ ಬೇಕು.

ಮರದ ಬೆಂಚಿಗೆ ಷಿಯರ್ ನಟ್ ಹಾಕುವ ಯೋಚನೆಯನ್ನು ಬಡಗಿ ಕೈಬಿಡಿಸಿದರು. ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ. ಕುಗ್ಗಿದಾಗ ಇನ್ನೊಂದು ಸುತ್ತು ಬಿಗಿಯಬೇಕಾಗುತ್ತದೆ, ಷಿಯರ್ ನಟ್‌ನಲ್ಲಿ ಆ ಇನ್ನೊಂದು ಸುತ್ತು ಇಲ್ಲ. ಹಾಗಾಗಿ ಬೆಂಚುಗಳಿಗೆ ಮೇಲಿನಿಂದ ಕ್ಯಾರೇಜ್ ಬೋಲ್ಟ್, ಕೆಳಗಿನಿಂದ ಮೂರು ಗಾಡಿಯ ನಟ್. ವರ್ಷಕ್ಕೊಮ್ಮೆ ಸಾಕೆಟ್ ಹಿಡಿದು ಒಂದು ಸುತ್ತು ಹಾಕಿಬರುತ್ತೇವೆ.

ಲೋಹದ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ, ಎರಡು ಕಡೆ ಬಿಟ್ಟು. ಹೊರಗಿನದಕ್ಕೆಲ್ಲ ಎ2 ದರ್ಜೆಯ ಸ್ಟೇನ್‌ಲೆಸ್, ಈಜುಕೊಳದ ಸುತ್ತ ಮಾತ್ರ ಎ4. ಎ4ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಕ್ಲೋರಿನ್ ನೀರಿನ ಆವಿಯನ್ನು ಅದು ಹೆಚ್ಚು ತಾಳುತ್ತದೆ. ಸತು ಲೇಪಿಸಿದ ಉಕ್ಕಿನ ಸ್ಕ್ರೂಗಳು ಗಡಸು ಹೌದು, ಆದರೆ ಗುಳಿಯೊಳಗೆ ತುಕ್ಕು ಕೂತರೆ ಸರಿಯಾದ ಬಿಟ್ ಇದ್ದೂ ಪ್ರಯೋಜನವಿಲ್ಲ. ಆಗ ನಾವೂ ಪಂಚ್ ಹಿಡಿಯಬೇಕಾಗುತ್ತದೆ. ಅಲ್ಯೂಮಿನಿಯಂ ಸೂಚನಾ ಫಲಕಗಳಲ್ಲಿ ಸ್ಟೇನ್‌ಲೆಸ್ ಸ್ಕ್ರೂ ಸುತ್ತ ಬಿಳಿ ಪುಡಿ ಎದ್ದಿದ್ದನ್ನು ಕಂಡು ನೈಲಾನ್ ವಾಷರ್ ಹಾಕಿಸಿದೆವು. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ.

ಅಂಟಿನ ಮೋಹವೂ ನನ್ನನ್ನು ಒಂದು ವಾರ ಕಾಡಿತು. ಥ್ರೆಡ್ ಹಿಡಿದಿಡುವ ಕೆಂಪು ದ್ರವವನ್ನು ಎಲ್ಲಕ್ಕೂ ಹನಿಸಿಬಿಟ್ಟರೆ ವಿಶೇಷ ಬೋಲ್ಟೇ ಬೇಡವಲ್ಲ! ಮರುದಿನ ನೋಡಿದರೆ ಸ್ಟೇನ್‌ಲೆಸ್‌ನಲ್ಲಿ ಅದು ಇನ್ನೂ ಹಸಿಯಾಗಿಯೇ ಇತ್ತು. ಅದು ಗಟ್ಟಿಯಾಗಲು ಗಾಳಿಯ ಸಂಪರ್ಕ ತಪ್ಪಬೇಕು, ಜೊತೆಗೆ ಲೋಹದ ಅಯಾನುಗಳ ಪ್ರಚೋದನೆ ಬೇಕು. ಸಾಮಾನ್ಯ ಉಕ್ಕು ಅದನ್ನು ಧಾರಾಳವಾಗಿ ಕೊಡುತ್ತದೆ, ಸ್ಟೇನ್‌ಲೆಸ್ ಜಿಪುಣ, ಪ್ರೈಮರ್ ಹಚ್ಚದೆ ಸರಿಯಾಗಿ ಹಿಡಿಯುವುದಿಲ್ಲ. ಹಿಡಿದ ಮೇಲೆ ಬಿಡಿಸಬೇಕೆಂದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಪ್ಲಾಸ್ಟಿಕ್ ಪೆಟ್ಟಿಗೆಯ ಪಕ್ಕದಲ್ಲಿ ಬೆಂಕಿ ಹಿಡಿಯುವುದನ್ನು ಊಹಿಸಿ ಶೀಶೆಯನ್ನು ಕಪಾಟಿಗೆ ಹಿಂದಿರುಗಿಸಿದೆ. ಕೈ ಸಾಧನದಿಂದಲೇ ಬಿಡುವ ನೀಲಿಯದನ್ನು ಉಳಿಸಿಕೊಂಡೆವು, ಅದೂ ಪಂಪಿನ ಕಂಪನಕ್ಕೆ ಸಡಿಲವಾಗುವ ಕಡೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಫಿಟ್ಟರ್ ಅವರ ಹಳೆಯ ಉಪಾಯ. ಹಳೆಯ ಬೇರಿಂಗ್‌ನಿಂದ ತೆಗೆದ ಉಕ್ಕಿನ ಗುಂಡನ್ನು ಮಾಮೂಲಿ ಅಲೆನ್ ಬೋಲ್ಟ್‌ನ ಗುಳಿಗೆ ಬಡಿದು ಕೂರಿಸುವುದು. ಗುಳಿಯ ಅಗಲಕ್ಕಿಂತ ಕೂದಲೆಳೆಯಷ್ಟು ದೊಡ್ಡ ಗುಂಡಾದರೆ ಅಂಟೂ ಬೇಡ. ಗುಂಡು ಗಡಸಾದ್ದರಿಂದ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಎಂದೂ ಬಿಚ್ಚಬೇಕಿಲ್ಲದ ಎರಡು ಕಡೆ, ಗೇಟಿನ ಕೀಲಿನ ತಳದಲ್ಲಿ ಮತ್ತು ಹೊರಗೋಡೆಯ ಏಣಿಯ ಬುಡದಲ್ಲಿ, ಅದನ್ನೇ ಹಾಕಿಸಿದೆ. ಏಣಿಯ ಬುಡದಲ್ಲಿ ಕೆಲಸ ಮಾಡುವಾಗ ಗೊತ್ತಾಯಿತು, ಬೋಲ್ಟ್ ಎಷ್ಟೇ ಗಟ್ಟಿಯಿದ್ದರೂ ಗೋಡೆಯ ತೂತಿನೊಳಗೆ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಗುಟ್ಕೆ ಸನ್ನೆಕೋಲಿಗೆ ಹೊರಬರುತ್ತಿತ್ತು. ಅಲ್ಲಿ ಮೊದಲು ಬದಲಾಯಿಸಿದ್ದು ಗುಟ್ಕೆಯನ್ನು, ಬೋಲ್ಟನ್ನಲ್ಲ.

ಜಾಲರಿಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಗುಳಿಯಿರುವ ಯಾವ ಸ್ಕ್ರೂವೂ ಅಲ್ಲಿ ಬೇಡ, ಒಂದೇ ಮಳೆಗೆ ಗುಳಿ ತುಂಬ ಕೆಸರು ತುಂಬಿ ಗಟ್ಟಿಯಾಗುತ್ತದೆ. ಹೊರಗಿನಿಂದ ಹಿಡಿಯುವಂಥದ್ದೇ ಆಗಬೇಕು. ಐದು ಮೂಲೆಯ ತಲೆಯ ಬೋಲ್ಟ್ ಆರಿಸಿದೆವು. ಅಮೆರಿಕದಲ್ಲಿ ಬೀದಿಯ ಅಗ್ನಿಶಾಮಕ ನೀರಿನ ಕೊಳಾಯಿಗಳ ಮೇಲೆ ಸಾಮಾನ್ಯವಾಗಿ ಇರುವುದು ಇದೇ ಆಕಾರ. ಆರು ಮೂಲೆಯ ತಲೆಯಲ್ಲಿ ಎದುರುಬದುರಿನ ಬದಿಗಳು ಸಮಾನಾಂತರವಾಗಿರುವುದರಿಂದ ಸ್ಪ್ಯಾನರ್‌ನ ಎರಡು ದವಡೆಗಳು ಕಚ್ಚುತ್ತವೆ. ಐದು ಮೂಲೆಯಲ್ಲಿ ಪ್ರತಿ ಬದಿಗೆ ಎದುರಾಗಿರುವುದು ಒಂದು ಮೂಲೆ, ಸ್ಪ್ಯಾನರ್ ಕೂರುವುದೇ ಇಲ್ಲ. ಆದರೂ ನಮ್ಮ ಪರೀಕ್ಷೆಯಲ್ಲಿ ಪೈಪ್ ರೆಂಚ್ ಅದನ್ನು ಹಿಡಿದಿತ್ತು. ಅದಕ್ಕೆ ತಲೆಯ ಸುತ್ತ ದಪ್ಪ ಪೈಪಿನ ತುಂಡೊಂದನ್ನು ಬಟ್ಟಲಿನಂತೆ ವೆಲ್ಡ್ ಮಾಡಿಸಿ, ತಲೆ ಅದರೊಳಗೆ ಮುಳುಗುವಂತೆ ಮಾಡಿದೆವು. ಸಾಕೆಟ್ ಇಳಿಯುತ್ತದೆ, ರೆಂಚಿನ ದವಡೆ ಇಳಿಯುವುದಿಲ್ಲ. ಜಾಲರಿಯ ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಎರಡೇ ಬೋಲ್ಟ್. ಮಳೆಯಲ್ಲಿ ನಿಂತು ಎಂಟು ಬೋಲ್ಟ್ ಬಿಚ್ಚುವ ಕಷ್ಟವೂ ತಪ್ಪಿತು. ಸೌರ ಫಲಕಗಳಿಗೂ ಇದೇ ಲೆಕ್ಕ ಹಾಕಿದೆವು. ಫಲಕವನ್ನು ಹಿಡಿದ ನಾಲ್ಕು ಕ್ಲ್ಯಾಂಪ್‌ಗಳಲ್ಲಿ ಎರಡು ಬಿಡದಿದ್ದರೆ ಫಲಕ ಬರುವುದಿಲ್ಲ, ನಾಲ್ಕಕ್ಕೂ ವಿಶೇಷ ಬೋಲ್ಟ್ ಏಕೆ?

ಒಂದು ಜಾಗಕ್ಕೆ ಮಾತ್ರ ಯಾವ ವಿಶೇಷ ಬೋಲ್ಟೂ ಬೇಡವೆಂದು ಹಠ ಹಿಡಿದೆ: ತುರ್ತು ನಿರ್ಗಮನದ ದಾರಿಯಲ್ಲಿ ಬರುವ ಯಾವುದೇ ಬಾಗಿಲು, ಜಾಲರಿ. ಹೊಗೆಯ ನಡುವೆ ಯಾರೂ ಟಿ25 ಅಳತೆಯ ಟಾರ್ಕ್ಸ್ ಬಿಟ್ ಹುಡುಕುತ್ತಾ ನಿಲ್ಲಬಾರದು. ಅಲ್ಲಿಂದ ಏನಾದರೂ ಕಳುವಾದರೆ ಆಗಲಿ.

ತನ್ನದೇ ಕೀಲಿಯಿರುವ ಬೋಲ್ಟ್‌ಗಳು ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತವು. ಅವುಗಳ ತಲೆಯ ಮೇಲಿನ ವಕ್ರ ಗಾಡಿಗೆ ಹೊಂದುವುದು ಅದರ ಕೀಲಿಯೊಂದೇ, ಕೀಲಿಯ ಸಂಖ್ಯೆ ಒಂದು ಕಾರ್ಡಿನ ಮೇಲಿರುತ್ತದೆ. ಪಂಪ್ ಮನೆಯ ನಿಯಂತ್ರಣ ಪೆಟ್ಟಿಗೆಗೆ ಹಾಕಿದೆವು. ಎರಡು ವಾರದ ಮೇಲೆ ಕೀಲಿ ಕಾಣೆಯಾಯಿತು. ಕಪಾಟು, ಚೀಲ, ಮೇಜಿನ ಖಾನೆ ಎಲ್ಲವನ್ನೂ ಜಾಲಾಡಿದೆವು. ಕಾರ್ಡ್ ಹಿಡಿದು ಹೊಸ ಕೀಲಿಗೆ ಬರೆಯಲು ಕುಳಿತಿದ್ದಾಗ ಎಲೆಕ್ಟ್ರಿಷಿಯನ್ ನಗುತ್ತಾ ಬಂದರು. ಕೀಲಿ ಪಂಪ್ ಮನೆಯಲ್ಲೇ, ಬೋಲ್ಟ್‌ನ ತಲೆಯ ಮೇಲೇ ಕುಳಿತಿತ್ತಂತೆ. ಕೊನೆಯ ಸಲ ಬಿಗಿದವರು ತೆಗೆಯುವುದನ್ನು ಮರೆತಿದ್ದರು. ಅಷ್ಟೂ ದಿನ ಅದು ಅಲ್ಲಿತ್ತು, ಯಾರೂ ಮುಟ್ಟಿರಲಿಲ್ಲ. ಈಗ ಕಾರ್ಯಾಗಾರದ ಗೋಡೆಗೆ ಒಂದು ಹಲಗೆ ಹೊಡೆದು, ಪ್ರತಿ ಸಾಧನದ ಆಕಾರವನ್ನು ಅದರ ಮೇಲೆ ಬಣ್ಣದಲ್ಲಿ ಬರೆದಿದ್ದೇವೆ. ಸಾಧನ ಇಲ್ಲದಿದ್ದರೆ ಬಣ್ಣ ಕಾಣುತ್ತದೆ.

ಮೊನ್ನೆ ಜಾಲರಿಯ ಹತ್ತಿರ ಹೋಗಿದ್ದೆ. ಬಟ್ಟಲಿನ ಅಂಚಿನಲ್ಲಿ ಹೊಸ ಗೀರುಗಳಿದ್ದವು. ಯಾರೋ ಏನನ್ನೋ ತೂರಿಸಿ ನೋಡಿದ್ದಾರೆ. ಜಾಲರಿ ಇದ್ದಲ್ಲೇ ಇತ್ತು. ಇನ್ನು ಆ ಇಪ್ಪತ್ತೆರಡು ಮುಚ್ಚಳಗಳ ಕೆಲಸ ಬಾಕಿಯಿದೆ. ಒಂದೊಂದನ್ನು ತೆರೆಯಬೇಕಾಗಿ ಬಂದಾಗಲೆಲ್ಲ ಒನ್‌ವೇ ಸ್ಕ್ರೂ ಕೊರೆದು ತೆಗೆದು, ಚಪ್ಪಟೆ ತಲೆಯ ಗೂಟದ ಟಾರ್ಕ್ಸ್ ಹಾಕುತ್ತಿದ್ದೇವೆ. ಹಾಗೆ ಮಾಡಿದಾಗಲೆಲ್ಲ ಫಿಟ್ಟರ್ ನನ್ನ ಮೇಜಿಗೆ ಬಂದು, ಏನೂ ಹೇಳದೆ, ತಲೆ ಹಾರಿದ ನಾಲ್ಕು ಸ್ಕ್ರೂಗಳನ್ನು ಇಟ್ಟು ಹೋಗುತ್ತಾರೆ. ಇನ್ನು ಒಂಬತ್ತು ಮುಚ್ಚಳ ಉಳಿದಿವೆ.